ಸಣ್ಣ ಮ್ಯಾನ್ಯುವಲ್ ಕಾರಿಗೆ ರಿಮೋಟ್ ಸ್ಟಾರ್ಟರ್ ಹಾಕಿಸಬಹುದಾ?

ಸಣ್ಣಕಾರು:
ಎಲ್ಲರಿಗೂ ನಮಸ್ಕಾರ. ನಮ್ಮದು ಸಣ್ಣ ಹ್ಯಾಚ್‌ಬ್ಯಾಕ್. ಪೆಟ್ರೋಲ್, ಐದು ಗೇರ್, ಮ್ಯಾನ್ಯುವಲ್. ಕೀ ತಿರುಗಿಸಿಯೇ ಸ್ಟಾರ್ಟ್ ಮಾಡಬೇಕು, ಪುಶ್ ಬಟನ್ ಇಲ್ಲ. ಕೀಲಿಯಲ್ಲಿ ಚಿಪ್ ಇದೆ. ಕಾರು ಇಡೀ ದಿನ ಬಿಸಿಲಲ್ಲೇ ನಿಂತಿರುತ್ತದೆ. ಅಪ್ಪನಿಗೆ ಉಸಿರಾಟದ ತೊಂದರೆ. ಕಾದ ಕಾರಿನೊಳಗೆ ಕೂತ ತಕ್ಷಣ ಸುಸ್ತಾಗುತ್ತಾರೆ. ಅವರು ಹತ್ತುವ ಮೊದಲೇ ಎಸಿ ಓಡುತ್ತಿದ್ದರೆ ಎಷ್ಟು ಅನುಕೂಲ ಅಲ್ವಾ ಅನಿಸಿತು.

ಆನ್‌ಲೈನ್‌ನಲ್ಲಿ ರಿಮೋಟ್ ಸ್ಟಾರ್ಟರ್ ಕಿಟ್ ನೋಡಿದೆ. ಎಲ್ಲ ಕಾರಿಗೂ ಹೊಂದುತ್ತದೆ ಅಂತ ಬರೆದಿದ್ದಾರೆ. ಒಬ್ಬ ಫಿಟ್ಟರ್ ಎರಡೇ ಗಂಟೆ ಕೆಲಸ ಅಂದರು. ಇನ್ನೊಬ್ಬರು ಮ್ಯಾನ್ಯುವಲ್ ಕಾರು ಅಂದ ಕೂಡಲೇ ಆಗಲ್ಲ ಅಂತ ಕಳಿಸಿಬಿಟ್ಟರು. ಯಾರ ಮಾತು ಕೇಳಲಿ? ಹಾಕಿಸಿಕೊಂಡವರು, ವೈರಿಂಗ್ ಗೊತ್ತಿರುವವರು ದಯವಿಟ್ಟು ಹೇಳಿ.

ವೈರಿಂಗ್ ಮೇಸ್ತ್ರಿ:
ನಾನು ಕಾರ್ ಎಲೆಕ್ಟ್ರಿಕಲ್ ಕೆಲಸ ಮಾಡುವವನು. ಆಗಲ್ಲ ಅಂದವರ ಮೇಲೆ ನನಗೆ ಗೌರವ ಇದೆ. ಎರಡು ಗಂಟೆ ಅಂದವರನ್ನು ಒಂದೇ ಪ್ರಶ್ನೆ ಕೇಳಿ ನೋಡಿ: ಕಾರು ಗೇರಿನಲ್ಲಿದ್ದರೆ ಏನಾಗುತ್ತದೆ?

ಮ್ಯಾನ್ಯುವಲ್ ಕಾರು ನಿಲ್ಲಿಸುವಾಗ ತುಂಬಾ ಜನ ಫಸ್ಟ್ ಅಥವಾ ರಿವರ್ಸ್ ಗೇರಿನಲ್ಲಿ ಬಿಡುತ್ತಾರೆ. ಒಳ್ಳೆಯ ಅಭ್ಯಾಸ. ಆದರೆ ಹಾಗೆ ನಿಂತ ಕಾರಿಗೆ ರಿಮೋಟಿನಿಂದ ಸೆಲ್ಫ್ ಹೊಡೆದರೆ ಸ್ಟಾರ್ಟರ್ ಮೋಟಾರೇ ಕಾರನ್ನು ಮುಂದಕ್ಕೆ ತಳ್ಳುತ್ತದೆ. ಇಂಜಿನ್ ಹಿಡಿದುಕೊಂಡರೆ ಕಾರು ನಡೆದೇ ಬಿಡುತ್ತದೆ. ಒಳಗೆ ಯಾರೂ ಇಲ್ಲ. ಎದುರಿಗೆ ಗೋಡೆ ಇರಬಹುದು, ಮಗು ಇರಬಹುದು.

ಇದಕ್ಕಾಗಿಯೇ ಎಷ್ಟೋ ಕಾರುಗಳಲ್ಲಿ ಕ್ಲಚ್ ಪೆಡಲಿನ ಹತ್ತಿರ ಒಂದು ಸ್ವಿಚ್ ಇರುತ್ತದೆ. ಕ್ಲಚ್ ಒತ್ತದೆ ಸೆಲ್ಫ್ ಹೊಡೆಯುವುದಿಲ್ಲ. ರಿಮೋಟ್ ಸ್ಟಾರ್ಟರ್ ಹಾಕುವಾಗ ಕ್ಲಚ್ ಒತ್ತಲು ಕಾಲು ಇರುವುದಿಲ್ಲ, ಹಾಗಾಗಿ ಆ ಸ್ವಿಚ್ಚನ್ನು ಮಾಡ್ಯೂಲ್, ಅಂದರೆ ಕಿಟ್‌ನ ನಿಯಂತ್ರಣ ಪೆಟ್ಟಿಗೆ, ದಾಟಿ ಹೋಗಬೇಕು. ಕಂಪನಿ ಕೊಟ್ಟ ಕಾವಲನ್ನು ತೆಗೆದ ಮೇಲೆ ಅದರ ಜಾಗದಲ್ಲಿ ಬೇರೆ ಕಾವಲು ಹಾಕಲೇಬೇಕು.

ಮ್ಯಾನ್ಯುವಲ್ ಕಾರಿಗೆ ಅಂತಲೇ ಮಾಡಿದ ಒಳ್ಳೆಯ ಮಾಡ್ಯೂಲ್‌ಗಳಲ್ಲಿ ರೆಡಿ ಮೋಡ್ ಅಂತ ಇರುತ್ತದೆ. ಕೆಲವರು ರಿಸರ್ವೇಷನ್ ಮೋಡ್ ಅನ್ನುತ್ತಾರೆ. ನೀವು ಕಾರು ನಿಲ್ಲಿಸಿ ನ್ಯೂಟ್ರಲ್‌ಗೆ ತರುತ್ತೀರಿ. ಹ್ಯಾಂಡ್‌ಬ್ರೇಕ್ ಎಳೆಯುತ್ತೀರಿ. ಬ್ರೇಕಿನಿಂದ ಕಾಲು ತೆಗೆದು ರಿಮೋಟ್ ಒತ್ತುತ್ತೀರಿ. ಈಗ ಕೀ ಹೊರಗೆ ತೆಗೆದರೂ ಇಂಜಿನ್ ಓಡುತ್ತಲೇ ಇರುತ್ತದೆ. ಇಳಿದು, ಬಾಗಿಲೆಲ್ಲ ಮುಚ್ಚಿ, ಲಾಕ್ ಮಾಡಿದ ಮೇಲೆ ಮಾಡ್ಯೂಲೇ ಇಂಜಿನ್ ನಿಲ್ಲಿಸುತ್ತದೆ.

ಇಷ್ಟೆಲ್ಲ ಯಾಕೆ ಅಂದರೆ, ಕ್ಲಚ್ ಮೇಲೆ ಯಾರ ಕಾಲೂ ಇಲ್ಲದೆ ಇಂಜಿನ್ ಓಡುತ್ತಿತ್ತು, ಕಾರು ನಿಂತಲ್ಲೇ ಇತ್ತು. ಅಂದರೆ ಗೇರು ಖಂಡಿತ ನ್ಯೂಟ್ರಲ್‌ನಲ್ಲಿದೆ. ಅದಾದ ಮೇಲೆ ಯಾವುದಾದರೂ ಬಾಗಿಲು ತೆರೆದರೆ, ಬಾನೆಟ್ ಎತ್ತಿದರೆ, ಹ್ಯಾಂಡ್‌ಬ್ರೇಕ್ ಇಳಿಸಿದರೆ ಆ ಖಾತ್ರಿ ಹೋಯಿತು. ಮಾಡ್ಯೂಲ್ ಮತ್ತೆ ಸ್ಟಾರ್ಟ್ ಮಾಡಲು ಒಪ್ಪುವುದಿಲ್ಲ, ಒಪ್ಪಲೂ ಬಾರದು.

ಸುಮ್ನೆ ಆಟೋಮ್ಯಾಟಿಕ್ ಕಾರಿನ ಕಿಟ್ ತಂದು ಮ್ಯಾನ್ಯುವಲ್‌ಗೆ ಜೋಡಿಸಿ, ‘ನೀವು ನ್ಯೂಟ್ರಲ್‌ನಲ್ಲಿ ಬಿಡೋದು ಮರೀಬೇಡಿ ಸಾರ್’ ಅನ್ನುವವರ ಹತ್ತಿರ ಹೋಗಬೇಡಿ. ಮನುಷ್ಯ ಒಂದಲ್ಲ ಒಂದು ದಿನ ಮರೆಯುತ್ತಾನೆ.

ದಿನಾ ಡ್ರೈವ್:
ಮೇಸ್ತ್ರಿಗಳು ಹೇಳಿದ್ದು ಪೂರ್ತಿ ನಿಜ. ನಾನು ಮ್ಯಾನ್ಯುವಲ್ ಕಾರಿನಲ್ಲಿ ರೆಡಿ ಮೋಡ್ ಬಳಸುತ್ತಿದ್ದೇನೆ. ಎರಡು ವಾರದಲ್ಲಿ ಕೈಗೆ ಅಭ್ಯಾಸ ಆಯಿತು. ಆದರೆ ಮನೆಯಲ್ಲಿ ಇನ್ನೊಬ್ಬರು ಅದೇ ಕಾರು ಓಡಿಸುತ್ತಿದ್ದರೆ ಅವರಿಗೂ ಕಲಿಸಬೇಕು. ಅವರು ಮಾಮೂಲಿಯಾಗಿ ಕೀ ತೆಗೆದು ಇಳಿದರೆ ಆ ದಿನ ರಿಮೋಟ್ ಕೆಲಸ ಮಾಡುವುದಿಲ್ಲ, ಅಷ್ಟೇ. ಕೆಲಸ ಮಾಡದಿದ್ದರೆ ಅದು ಸರಿಯಾಗಿದೆ ಅಂತಲೇ ಅರ್ಥ.

ಸಣ್ಣ ಕಾರುಗಳಲ್ಲಿ ಒಂದು ವಿಷಯ ಯಾರೂ ಹೇಳುವುದಿಲ್ಲ. ಬೇಸ್ ಮಾಡೆಲ್ ಆದರೆ ಎಲ್ಲ ಬಾಗಿಲಿಗೂ ಡೋರ್ ಸ್ವಿಚ್ ಇರುತ್ತದೆ ಅಂತ ಹೇಳಲಾಗದು. ಡ್ರೈವರ್ ಬಾಗಿಲಿಗೆ ಮಾತ್ರ ಇದ್ದು ಹಿಂದಿನದಕ್ಕೆ ಇಲ್ಲದಿರಬಹುದು. ಹಿಂದಿನ ಬಾಗಿಲಿನಿಂದ ಯಾರಾದರೂ ಒಳಗೆ ಹೋಗಿ ಗೇರ್ ಲಿವರ್ ಅಲ್ಲಾಡಿಸಿ ಬಂದರೆ ಮಾಡ್ಯೂಲ್‌ಗೆ ಗೊತ್ತೇ ಆಗುವುದಿಲ್ಲ. ಕತ್ತಲಾದ ಮೇಲೆ ಒಳಗಿನ ದೀಪವನ್ನು ‘ಡೋರ್’ಗೆ ಹಾಕಿ, ಒಂದೊಂದೇ ಬಾಗಿಲು ತೆರೆದು ನೋಡಿ. ಡಿಕ್ಕಿಯ ಬಾಗಿಲನ್ನೂ ನೋಡಿ, ಹ್ಯಾಚ್‌ಬ್ಯಾಕ್‌ನಲ್ಲಿ ಅಲ್ಲಿಂದಲೂ ಒಳಗೆ ಕೈ ಹೋಗುತ್ತದೆ. ಯಾವ ಬಾಗಿಲಿಗೆ ದೀಪವೂ ಹತ್ತದೆ, ಡ್ಯಾಶ್‌ಬೋರ್ಡಿನ ಬಾಗಿಲು ಗುರುತೂ ಬರದೆ ಇರುತ್ತದೋ ಅಲ್ಲಿಗೆ ಹೊಸ ಸ್ವಿಚ್ ಹಾಕಿಸಲೇಬೇಕು.

ಹಸಿರುದಾರಿ:
ನಾನು ಬೇರೆ ಕಡೆಯಿಂದ ಮಾತಾಡುತ್ತೇನೆ, ಬೇಸರ ಬೇಡ. ಸಣ್ಣಕಾರು ಅವರೇ, ನಿಮಗೆ ಬೇಕಾಗಿರುವುದು ತಂಪಾದ ಕಾರು. ರಿಮೋಟ್ ಸ್ಟಾರ್ಟರ್ ಅದಕ್ಕೆ ಒಂದು ದಾರಿ ಮಾತ್ರ, ಅದೂ ಅಷ್ಟೇನೂ ಒಳ್ಳೆಯ ದಾರಿ ಅಲ್ಲ.

ಕಾರಿನೊಳಗೆ ಬಿಸಿ ಏರುವ ವೇಗ ನೋಡಿ. 2005ರಲ್ಲಿ ಪೀಡಿಯಾಟ್ರಿಕ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನದ ಪ್ರಕಾರ, ಬಿಸಿಲಲ್ಲಿ ಮುಚ್ಚಿಟ್ಟ ಕಾರಿನೊಳಗೆ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಸೆಲ್ಸಿಯಸ್‌ನಷ್ಟು ಬಿಸಿ ಏರುತ್ತದೆ. ಅದರಲ್ಲಿ ನೂರಕ್ಕೆ 80 ಭಾಗ ಮೊದಲ ಅರ್ಧ ಗಂಟೆಯಲ್ಲೇ. ಅಷ್ಟು ಬಿಸಿಯನ್ನು ಸಣ್ಣ ಇಂಜಿನ್ ಐಡ್ಲಿಂಗ್‌ನಲ್ಲಿ, ಅಂದರೆ ನಿಂತಲ್ಲೇ ಓಡುತ್ತಾ, ಹೊರಹಾಕಬೇಕು. ಎಸಿ ಕಂಪ್ರೆಸರ್ ಇಂಜಿನ್ನಿನ ಬೆಲ್ಟಿನಿಂದ ತಿರುಗುತ್ತದೆ. ಐಡ್ಲಿಂಗ್‌ನಲ್ಲಿ ಆರ್‌ಪಿಎಂ ಕಡಿಮೆ, ಎಸಿಯ ಬಿಸಿಯನ್ನು ಹೊರಗೆ ಬಿಡುವ ಕಂಡೆನ್ಸರ್‌ಗೆ ಓಡುವ ಕಾರಿನ ಗಾಳಿಯೂ ಇಲ್ಲ, ಫ್ಯಾನ್ ಕೊಟ್ಟಷ್ಟೇ. ಹಾಗಾಗಿ ನಿಂತ ಕಾರು ಬೇಗ ತಂಪಾಗುವುದಿಲ್ಲ. ನಾಲ್ಕೂ ಗಾಜು ಇಳಿಸಿ, ಎದುರುಬದುರು ಬಾಗಿಲು ಒಂದು ನಿಮಿಷ ತೆರೆದಿಟ್ಟರೆ ಒಳಗಿನ ಕಾದ ಗಾಳಿ ತಾನೇ ಹೋಗುತ್ತದೆ. ಅದಾದ ಮೇಲೆ ಎಸಿ ಹಾಕಿದರೆ ಕೆಲಸ ಅರ್ಧ. ರಿಮೋಟ್ ಸ್ಟಾರ್ಟರ್‌ನಲ್ಲಿ ಗಾಜೆಲ್ಲ ಮುಚ್ಚಿರುತ್ತದೆ, ಎಸಿ ಆ ಕಾದ ಗಾಳಿಯ ಜೊತೆಗೇ ಗುದ್ದಾಡಬೇಕು.

ಇಂಧನದ ಮಾತು ಬಿಡಿ, ಹೊಗೆಯ ಮಾತು ಬಿಡುವ ಹಾಗಿಲ್ಲ. ಜರ್ಮನಿಯಲ್ಲಿ ಸುಮ್ಮನೆ ಇಂಜಿನ್ ಓಡಿಸಿಕೊಂಡು ನಿಲ್ಲುವುದನ್ನು ಸಂಚಾರ ನಿಯಮದ 30ನೇ ಕಲಂ ನಿಷೇಧಿಸುತ್ತದೆ. ಬ್ರಿಟನ್ನಿನಲ್ಲೂ ಅಂಥ ನಿಯಮ ಇದೆ. ನೀವಿರುವ ಕಡೆ ಏನಿದೆ ನೋಡಿಕೊಳ್ಳಿ.

ಮುಚ್ಚಿದ ಗ್ಯಾರೇಜಿನಲ್ಲಿ ಕಾರು ನಿಲ್ಲಿಸುವವರು ಈ ಕಿಟ್ ಹತ್ತಿರವೂ ಹೋಗಬಾರದು ಅನ್ನುವುದು ನನ್ನ ಖಂಡಿತ ಅಭಿಪ್ರಾಯ. ಕಾರಿನ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಲವಾಗಿ ಅಂಟಿಕೊಳ್ಳುತ್ತದೆ. ಜೇಬಿನಲ್ಲಿದ್ದ ರಿಮೋಟ್ ಬಟನ್ ಒತ್ತಿಹೋಗಿ ಕೆಳಗೆ ಗ್ಯಾರೇಜಿನಲ್ಲಿ ಕಾರು ಓಡುತ್ತಿದ್ದರೆ ಮೇಲೆ ಮಲಗಿದವರಿಗೆ ಗೊತ್ತಾಗುವುದಿಲ್ಲ. ಅಪ್ಪನಿಗೆ ಉಸಿರಾಟದ ತೊಂದರೆ ಬೇರೆ ಇದೆ ಅಂದಿರಿ.

ಚಳಿಯೂರು:
ಹಸಿರುದಾರಿ ಅವರ ಮಾತು ಬಿಸಿಲಿಗೆ ಸರಿ. ಹಿಮ ಬೀಳುವ ಕಡೆ ಲೆಕ್ಕ ಬೇರೆ. ನಮ್ಮಲ್ಲಿ ಗಾಜಿನ ಮೇಲೆ ಮಂಜುಗಡ್ಡೆ ಹಿಡಿದಿರುತ್ತದೆ. ಅದು ಕರಗದೆ ಓಡಿಸಿದರೆ ಮುಂದೆ ಕಾಣುವುದೇ ಇಲ್ಲ. ಇಲ್ಲಿ ರಿಮೋಟ್ ಸ್ಟಾರ್ಟರ್ ಬರೀ ಸುಖದ ವಸ್ತು ಅಲ್ಲ.

ಹಾಗಂತ ಇಂಜಿನ್‌ಗೆ ಒಳ್ಳೆಯದು ಅಂತ ಹತ್ತಿಪ್ಪತ್ತು ನಿಮಿಷ ಓಡಿಸುವವರಿಗೆ ನನ್ನದೂ ವಿರೋಧ ಇದೆ. ತಣ್ಣಗಿನ ಇಂಜಿನ್‌ಗೆ ಪೆಟ್ರೋಲ್ ಜಾಸ್ತಿ ಹೋಗುತ್ತದೆ. ಸುಡದೆ ಉಳಿದದ್ದು ಸಿಲಿಂಡರ್ ಗೋಡೆಗೆ ಹತ್ತಿ ಆಯಿಲ್ ಜೊತೆ ಸೇರುತ್ತದೆ. ನಿಂತಲ್ಲೇ ಓಡುವ ಇಂಜಿನ್ ನಿಧಾನವಾಗಿ ಬಿಸಿಯಾಗುತ್ತದೆ, ಮೆಲ್ಲಗೆ ಓಡಿಸಿದರೆ ಬೇಗ ಬಿಸಿಯಾಗುತ್ತದೆ. ಗಾಜು ಸ್ಪಷ್ಟವಾಗುವಷ್ಟು ಹೊತ್ತು ಸಾಕು. ಡೀಸೆಲ್ ಕಾರಿಗೆ ಹಾಕಿಸುವವರು ಗ್ಲೋ ಪ್ಲಗ್ (ಸಿಲಿಂಡರ್ ಒಳಗನ್ನು ಬಿಸಿ ಮಾಡುವ ಭಾಗ) ಬಿಸಿಯಾಗುವ ತನಕ ಸೆಲ್ಫ್ ತಡೆಯುವ ವ್ಯವಸ್ಥೆ ಮಾಡ್ಯೂಲ್‌ನಲ್ಲಿ ಇದೆಯಾ ಕೇಳಿ, ಇಲ್ಲದಿದ್ದರೆ ಚಳಿಯಲ್ಲಿ ಸೆಲ್ಫ್ ಮಾತ್ರ ತಿರುಗುತ್ತಾ ಇರುತ್ತದೆ.

ಮಲ್ಟಿಮೀಟರ್:
ಸ್ವಂತ ಕೈಯಿಂದ ಹಾಕಿಕೊಳ್ಳುವ ಆಸೆ ಇರುವವರಿಗೆ ಬರೆಯುತ್ತಿದ್ದೇನೆ. ವೈರಿನ ಬಣ್ಣ ನಂಬಬೇಡಿ. ಒಂದೇ ಮಾಡೆಲ್‌ನಲ್ಲಿ ವರ್ಷ ಬದಲಾದರೆ ಬಣ್ಣವೂ ಬದಲಾಗಬಹುದು. ಮೀಟರ್ ಹೇಳಿದ್ದೇ ನಿಜ.

ಸ್ಟೀರಿಂಗ್ ಕೆಳಗಿನ ಪ್ಲಾಸ್ಟಿಕ್ ಕವರ್ ಬಿಚ್ಚಿದರೆ ಕೀ ಬ್ಯಾರಲ್ಲಿನ ಹಿಂದೆ ದಪ್ಪ ವೈರುಗಳ ಕಟ್ಟು ಕಾಣುತ್ತದೆ. ಮೀಟರನ್ನು ಡಿಸಿ ವೋಲ್ಟ್‌ಗೆ ಇಟ್ಟು, ಕಪ್ಪು ಪ್ರೋಬನ್ನು ಬಾಡಿಯ ಬರಿಯ ಲೋಹಕ್ಕೆ ಒತ್ತಿ, ಕೆಂಪನ್ನು ಒಂದೊಂದೇ ವೈರಿಗೆ ಹಿಡಿಯಿರಿ. ಕೀ ಇಲ್ಲದೆಯೂ 12 ವೋಲ್ಟ್ ತೋರಿಸುವುದು ಬ್ಯಾಟರಿಯಿಂದ ನೇರ ಬಂದದ್ದು. ಕೀ ‘ಆನ್’ಗೆ ಬಂದಾಗ 12 ಬಂದು, ಸೆಲ್ಫ್ ಹೊಡೆಯುವಾಗಲೂ ಹಾಗೇ ಉಳಿಯುವುದು ಇಗ್ನಿಷನ್. ‘ಆನ್’ನಲ್ಲಿ 12 ಇದ್ದು ಸೆಲ್ಫ್ ಹೊಡೆಯುವಾಗ ಸೊನ್ನೆಗೆ ಬೀಳುವುದು ಆಕ್ಸೆಸರಿ, ಬ್ಲೋವರ್, ರೇಡಿಯೊ ಎಲ್ಲ ಅದರ ಮೇಲೆ. ಸೆಲ್ಫ್ ಹೊಡೆಯುವ ಕ್ಷಣದಲ್ಲಿ ಮಾತ್ರ 12 ತೋರಿಸಿ, ಕೈ ಬಿಟ್ಟ ತಕ್ಷಣ ಸೊನ್ನೆ ಆಗುವುದು ಸ್ಟಾರ್ಟರ್ ವೈರು. ಕೆಲವು ಕಾರಿನಲ್ಲಿ ಎರಡು ಇಗ್ನಿಷನ್ ವೈರು ಇರುತ್ತವೆ. ಒಂದನ್ನೇ ಜೋಡಿಸಿದರೆ ಇಂಜಿನ್ ಹಿಡಿದು ಒಡನೆ ನಿಂತುಹೋಗಬಹುದು.

ಹಳದಿ ಕನೆಕ್ಟರ್, ಹಳದಿ ತೋಳು ಹಾಕಿದ ವೈರು ಕಂಡರೆ ಅದು ಏರ್‌ಬ್ಯಾಗ್. ಪ್ರೋಬ್ ತಾಗಿಸಬೇಡಿ. ಬಲ್ಬ್ ಇರುವ ಟೆಸ್ಟರ್ ಅಂತೂ ಬೇಡವೇ ಬೇಡ, ಅದು ಎಳೆಯುವ ಕರೆಂಟಿಗೆ ಕಂಪ್ಯೂಟರ್ ಲೈನ್ ಹಾಳಾಗಬಹುದು. ವೈರು ಜೋಡಿಸುವ ಮೊದಲು ಬ್ಯಾಟರಿ ಬಿಚ್ಚಿ, ಕಾರಿನ ಪುಸ್ತಕದಲ್ಲಿ ಹೇಳಿದಷ್ಟು ಹೊತ್ತು ಕಾಯಿರಿ.

ಇನ್ನು ಜಾಯಿಂಟ್. ವೈರಿನ ಸಿಪ್ಪೆಯನ್ನು ಚುಚ್ಚಿ ಕಚ್ಚಿಕೊಳ್ಳುವ ಪ್ಲಾಸ್ಟಿಕ್ ಕ್ಲಿಪ್ ಹಾಕಿ ಮುಗಿಸುವವರಿದ್ದಾರೆ. ಇಗ್ನಿಷನ್ ವೈರಿನಲ್ಲಿ ಜೋರು ಕರೆಂಟ್ ಹರಿಯುತ್ತದೆ. ಕ್ಲಿಪ್ ಸಡಿಲಾದರೆ ಅಲ್ಲಿ ಬಿಸಿಯಾಗಿ ಪ್ಲಾಸ್ಟಿಕ್ ಕರಗುತ್ತದೆ. ನನ್ನ ಪರಿಚಯದವರ ಕಾರು ಹೀಗೇ ಜಾಯಿಂಟ್ ಬಿಟ್ಟು ನಡುರಸ್ತೆಯಲ್ಲಿ ನಿಂತಿತು. ಬೆಸುಗೆ ಹಾಕಿ ಅಥವಾ ಸರಿಯಾದ ಅಳತೆಯ ಕ್ರಿಂಪ್ ಒತ್ತಿ, ಮೇಲೆ ಬಟ್ಟೆಯ ಟೇಪ್ ಸುತ್ತಿ, ವೈರುಗಳ ಕಟ್ಟಿನ ಜೊತೆ ಬಿಗಿದು ಕಟ್ಟಬೇಕು. ಪೆಡಲಿನ ಮೇಲೆ ವೈರು ಜೋತುಬೀಳಬಾರದು.

ಸಣ್ಣಕಾರು:
ಇಷ್ಟು ವಿವರವಾಗಿ ಬರೆದಿದ್ದಕ್ಕೆ ಎಲ್ಲರಿಗೂ ಧನ್ಯವಾದ. ನಾನೇ ಹಾಕುವ ಧೈರ್ಯ ಇಲ್ಲ, ಹಾಕಿಸುವುದಾದರೆ ಗೊತ್ತಿರುವವರಿಂದಲೇ. ಇನ್ನೊಂದು ಭಯ ಇದೆ. ಚಿಪ್ ಇರುವ ಸ್ಪೇರ್ ಕೀ ಕೊಡಿ, ಡ್ಯಾಶ್‌ಬೋರ್ಡ್ ಒಳಗೆ ಇಡಬೇಕು ಅಂದರು ಆ ಫಿಟ್ಟರ್. ಕೀಲಿಯನ್ನು ಕಾರಿನೊಳಗೇ ಇಟ್ಟರೆ ಕಳ್ಳನಿಗೆ ಬಾಗಿಲು ತೆಗೆದುಕೊಟ್ಟ ಹಾಗಲ್ವಾ?

ವೈರಿಂಗ್ ಮೇಸ್ತ್ರಿ:
ಭಯ ನ್ಯಾಯವಾದದ್ದು. ಚಿಪ್ ಏನು ಮಾಡುತ್ತದೆ ಅಂದರೆ, ಕೀ ಬ್ಯಾರಲ್ ಸುತ್ತ ಒಂದು ಆಂಟೆನಾ ಉಂಗುರ ಇರುತ್ತದೆ. ಕೀ ತಿರುಗಿಸಿದಾಗ ಅದು ಚಿಪ್‌ನ ಕೋಡ್ ಓದುತ್ತದೆ. ಕೋಡ್ ಸರಿ ಇಲ್ಲದಿದ್ದರೆ ಇಂಜಿನ್ ಓಡುವುದಿಲ್ಲ. ಇದೇ ಇಮೊಬಿಲೈಸರ್. ಯುರೋಪಿನಲ್ಲಿ 1998ರಿಂದ ಹೊಸ ಕಾರುಗಳಿಗೆ ಕಡ್ಡಾಯ ಮಾಡಿದರು. ರಿಮೋಟ್ ಸ್ಟಾರ್ಟರ್‌ಗೆ ಇದನ್ನು ಒಪ್ಪಿಸಲು ಎರಡು ದಾರಿ.

ಒಂದು ಹಳೆಯದು. ಸ್ಪೇರ್ ಕೀಯನ್ನು ಸಣ್ಣ ಡಬ್ಬಿಯಲ್ಲಿಟ್ಟು ಸುತ್ತ ತಂತಿ ಸುರುಳಿ, ಅಲ್ಲಿಂದ ಬ್ಯಾರಲ್ ಉಂಗುರದವರೆಗೆ ಇನ್ನೊಂದು ಸುರುಳಿ. ನಡುವೆ ರಿಲೇ. ರಿಮೋಟಿನಿಂದ ಸ್ಟಾರ್ಟ್ ಮಾಡಿದಾಗ ಮಾತ್ರ ರಿಲೇ ಕೂಡುತ್ತದೆ. ಬೇರೆ ಹೊತ್ತಿನಲ್ಲಿ ಡಬ್ಬಿಯಲ್ಲಿರುವ ಚಿಪ್ ಉಂಗುರಕ್ಕೆ ಕಾಣುವುದೇ ಇಲ್ಲ. ಹಾಗಾಗಿ ಕಳ್ಳ ಬ್ಯಾರಲ್ ಒಡೆದರೂ ಇಂಜಿನ್ ಓಡುವುದಿಲ್ಲ. ರಿಲೇ ಇಲ್ಲದೆ ಕೀಯನ್ನು ಸೀದಾ ಉಂಗುರದ ಪಕ್ಕ ಅಂಟಿಸಿ ಬಿಡುವವರೂ ಇದ್ದಾರೆ. ಅಲ್ಲಿಗೆ ಇಮೊಬಿಲೈಸರ್ ಸತ್ತ ಹಾಗೆಯೇ. ಅಂಥ ಕೆಲಸ ಮಾಡಿಸಬೇಡಿ. ಡಬ್ಬಿಗೆ ಚಿಪ್ ಮಾತ್ರ ಸಾಕು, ಬಾಗಿಲು ತೆರೆಯುವ ಲೋಹದ ಭಾಗವನ್ನು ಕತ್ತರಿಸಿ ತೆಗೆಸಿ. ಇನ್ನೊಂದು ದಾರಿ ಡೇಟಾ ಬೈಪಾಸ್ ಮಾಡ್ಯೂಲ್. ಅದು ಕಾರಿನ ಕಂಪ್ಯೂಟರ್ ಜೊತೆ ನೇರ ಮಾತಾಡುತ್ತದೆ, ಕೀ ಬೇಡ. ಆದರೆ ನಿಮ್ಮ ಮಾಡೆಲ್, ನಿಮ್ಮ ವರ್ಷದ ಕಾರಿಗೆ ಅಂತಲೇ ಸಿಗಬೇಕು.

ರಿಮೋಟಿನಿಂದ ಓಡುತ್ತಿರುವ ಕಾರಿನ ಗಾಜು ಒಡೆದು ಒಳಗೆ ಕೂತರೂ, ಕೀ ಹಾಕದೆ ಬ್ರೇಕ್ ಒತ್ತಿದ ಕೂಡಲೇ ಇಂಜಿನ್ ನಿಲ್ಲಬೇಕು. ಕೀ ಇಲ್ಲದ ಕಾರಣ ಸ್ಟೀರಿಂಗ್ ಲಾಕೂ ಬಿಟ್ಟಿರುವುದಿಲ್ಲ.

ಎಎಂಟಿ ಅಕ್ಕ:
ನನ್ನದು ಎಎಂಟಿ ಸಣ್ಣ ಕಾರು. ಕ್ಲಚ್ ಪೆಡಲ್ ಇಲ್ಲ, ಹಾಗಾದರೆ ಆಟೋಮ್ಯಾಟಿಕ್ ಕಿಟ್ ಹಾಕಿಸಬಹುದಾ?

ವೈರಿಂಗ್ ಮೇಸ್ತ್ರಿ:
ಬೇಡ ಅಕ್ಕ. ಮಾಮೂಲಿ ಆಟೋಮ್ಯಾಟಿಕ್‌ನಲ್ಲಿ ‘ಪಿ’ ಇರುತ್ತದೆ, ಪಿ ಅಥವಾ ಎನ್‌ನಲ್ಲಿ ಇಲ್ಲದಿದ್ದರೆ ಕಾರೇ ಸೆಲ್ಫ್ ತಡೆಯುತ್ತದೆ. ಎಎಂಟಿ ಅಂದರೆ ಒಳಗೆ ಮ್ಯಾನ್ಯುವಲ್ ಗೇರ್‌ಬಾಕ್ಸೇ, ಕ್ಲಚ್ಚನ್ನು ಯಂತ್ರ ಒತ್ತುತ್ತದೆ. ಎಷ್ಟೋ ಎಎಂಟಿ ಕಾರುಗಳಲ್ಲಿ ‘ಪಿ’ ಇರುವುದಿಲ್ಲ. ಗೇರಿನಲ್ಲೇ ಬಿಟ್ಟು ಹ್ಯಾಂಡ್‌ಬ್ರೇಕ್ ಹಾಕಿ ಇಳಿಯುತ್ತೇವೆ. ಸ್ಟಾರ್ಟ್ ಮಾಡಲು ನ್ಯೂಟ್ರಲ್‌ಗೆ ತಂದು ಬ್ರೇಕ್ ಒತ್ತಬೇಕು. ಇದನ್ನೆಲ್ಲ ಹೊರಗಿನ ಕಿಟ್‌ನಿಂದ ಮೋಸ ಮಾಡಿ ದಾಟಿಸುವುದು ಸರಿಯಲ್ಲ. ನಾನು ಎಎಂಟಿಗೆ ಹಾಕುವುದಿಲ್ಲ.

ದಿನಾ ಡ್ರೈವ್:
ಬ್ಯಾಟರಿ ಬಗ್ಗೆ ಒಂದು ಮಾತು. ಸಣ್ಣ ಕಾರಿನ ಬ್ಯಾಟರಿ 35 ಆಂಪಿಯರ್-ಅವರ್ ಅಂತ ಇಟ್ಟುಕೊಳ್ಳಿ. ಕಾರು ನಿಂತಾಗ ಒಟ್ಟು 50 ಮಿಲಿ ಆಂಪಿಯರ್ ಎಳೆಯುತ್ತಿದ್ದರೆ ದಿನಕ್ಕೆ 1.2 ಆಂಪಿಯರ್-ಅವರ್ ಹೋಯಿತು. ಎರಡು ವಾರದಲ್ಲಿ ಅರ್ಧ ಬ್ಯಾಟರಿ ಖಾಲಿ. ರಿಮೋಟ್ ಮಾಡ್ಯೂಲ್ ಸಿಗ್ನಲ್‌ಗಾಗಿ ಸದಾ ಎಚ್ಚರ ಇರುತ್ತದೆ, ಅದೂ ಸ್ವಲ್ಪ ಎಳೆಯುತ್ತದೆ. ಹಾಕುವ ಮೊದಲು, ಹಾಕಿದ ಮೇಲೆ ಎರಡು ಸಲವೂ ಅಳತೆ ತೆಗೆಸಿ. ವಾರಗಟ್ಟಲೆ ಕಾರು ತೆಗೆಯದವರು ಯೋಚನೆ ಮಾಡಬೇಕಾದ ವಿಷಯ ಇದು.

ವಾರಂಟಿ ಇರುವ ಕಾರಾದರೆ ಸರ್ವೀಸ್ ಸೆಂಟರ್‌ನಲ್ಲಿ, ಇನ್ಶೂರೆನ್ಸ್ ಕಂಪನಿಯಲ್ಲಿ ಮೊದಲೇ ಕೇಳಿ ಬರಹದಲ್ಲಿ ತೆಗೆದುಕೊಳ್ಳಿ. ಬಾಯಿಮಾತು ಬೇಡ.

ವೈರಿಂಗ್ ಮೇಸ್ತ್ರಿ:
ಕೊನೆಗೆ ಹಾಕಿಸಿದಿರಿ ಅಂತ ಇಟ್ಟುಕೊಳ್ಳೋಣ. ದುಡ್ಡು ಕೊಡುವ ಮೊದಲು ಫಿಟ್ಟರ್ ಎದುರಿಗೇ ಪರೀಕ್ಷೆ ಮಾಡಿ. ಸಮತಟ್ಟು ಜಾಗ ಇರಲಿ, ಮುಂದೆ ಹಿಂದೆ ಯಾರೂ ಇರಬಾರದು. ರೆಡಿ ಮೋಡ್ ಮಾಡಿ ಲಾಕ್ ಮಾಡಿ. ಹಿಂದಿನ ಬಾಗಿಲು ತೆರೆದು ಮುಚ್ಚಿ, ರಿಮೋಟ್ ಒತ್ತಿ. ಸ್ಟಾರ್ಟ್ ಆಗಬಾರದು. ಮತ್ತೆ ರೆಡಿ ಮೋಡ್, ಈ ಸಲ ಡಿಕ್ಕಿ. ಆಮೇಲೆ ಬಾನೆಟ್. ಬಾನೆಟ್ ಸ್ವಿಚ್ ಇಲ್ಲದೆ ಕೆಲಸ ಮುಗಿಸಿದ್ದರೆ ಒಪ್ಪಬೇಡಿ, ಮೆಕ್ಯಾನಿಕ್ ಬೆಲ್ಟಿನ ಹತ್ತಿರ ಕೈ ಇಟ್ಟಿರುವಾಗ ಇಂಜಿನ್ ತಿರುಗಿದರೆ ಬೆರಳು ಉಳಿಯುವುದಿಲ್ಲ. ರಿಮೋಟಿನಿಂದ ಇಂಜಿನ್ ಓಡುತ್ತಿರುವಾಗ ಹ್ಯಾಂಡ್‌ಬ್ರೇಕ್ ಇಳಿಸಿ ನೋಡಿ, ನಿಲ್ಲಬೇಕು. ಬ್ರೇಕ್ ಒತ್ತಿ ನೋಡಿ, ನಿಲ್ಲಬೇಕು. ಇಂಜಿನ್ ಹಿಡಿದ ಮೇಲೂ ಸೆಲ್ಫ್ ಕರಕರ ಅನ್ನುತ್ತಿದ್ದರೆ ಇಂಜಿನ್ ಹಿಡಿದದ್ದನ್ನು ಗುರುತಿಸಲು ಮಾಡ್ಯೂಲ್‌ಗೆ ಆರ್‌ಪಿಎಂ ಕಲಿಸಿದ್ದು ಸರಿಯಾಗಿಲ್ಲ, ಹಾಗೇ ಬಿಟ್ಟರೆ ಸ್ಟಾರ್ಟರ್ ಹಾಳಾಗುತ್ತದೆ. ತಾನೇ ನಿಲ್ಲುವ ಸಮಯವನ್ನು 10 ನಿಮಿಷಕ್ಕೆ ಇಡಿಸಿ.

ಸಣ್ಣಕಾರು ಅವರೇ, ಕೇಳಲು ಮರೆತೆ. ನಿಮ್ಮ ಕಾರು ನಿಲ್ಲುವ ಜಾಗ ಸಮತಟ್ಟಾಗಿದೆಯಾ?

ಸಣ್ಣಕಾರು:
ಇಲ್ಲ. ಇಳಿಜಾರು. ತುಂಬಾ ಏನಲ್ಲ, ಆದರೆ ನ್ಯೂಟ್ರಲ್‌ನಲ್ಲಿ ಬ್ರೇಕ್ ಬಿಟ್ಟರೆ ಕಾರು ಉರುಳುತ್ತದೆ. ಅದಕ್ಕೇ ನಾನು ಯಾವಾಗಲೂ ಗೇರಿನಲ್ಲಿ ಬಿಟ್ಟು, ಚಕ್ರಕ್ಕೆ ಕಲ್ಲು ಕೊಟ್ಟು ಬರುತ್ತೇನೆ.

ವೈರಿಂಗ್ ಮೇಸ್ತ್ರಿ:
ಹಾಗಿದ್ದರೆ ಬೇಡ. ಇಷ್ಟು ಹೊತ್ತು ಮಾತಾಡಿದ್ದೆಲ್ಲ ಸಮತಟ್ಟು ಜಾಗಕ್ಕೆ. ರೆಡಿ ಮೋಡ್ ಅಂದರೆ ಕಾರು ಇಡೀ ದಿನ ನ್ಯೂಟ್ರಲ್‌ನಲ್ಲಿ, ಹ್ಯಾಂಡ್‌ಬ್ರೇಕಿನ ಒಂದು ಕೇಬಲ್ ನಂಬಿ ನಿಲ್ಲಬೇಕು. ಆ ಕೇಬಲ್ ಹಿಗ್ಗುತ್ತದೆ, ಬ್ರೇಕ್ ಲೈನರ್ ಸವೆಯುತ್ತದೆ. ಇಳಿಜಾರಿನಲ್ಲಿ ಗೇರಿನ ಹಿಡಿತ ಬಿಟ್ಟುಕೊಡುವುದು ತಪ್ಪು. ಒಳ್ಳೆಯ ಮಾಡ್ಯೂಲ್ ಹಾಕಿ, ಸ್ವಿಚ್ಚೆಲ್ಲ ಸರಿಯಾಗಿ ಜೋಡಿಸಿದರೂ ಇದಕ್ಕೆ ಪರಿಹಾರ ಇಲ್ಲ. ನಿಮ್ಮನ್ನು ವಾಪಸ್ ಕಳಿಸಿದ ಫಿಟ್ಟರ್ ಸರಿಯಾಗಿಯೇ ಹೇಳಿದ್ದಾರೆ.

ಹಸಿರುದಾರಿ:
ಅಪ್ಪನ ವಿಷಯಕ್ಕೆ ಹೀಗೆ ಮಾಡಿ. ಅವರು ನೆರಳಲ್ಲಿ ಕೂತಿರಲಿ, ನೀವು ಐದು ನಿಮಿಷ ಮೊದಲು ಹೋಗಿ. ಬಾಗಿಲು ತೆರೆದು ಕಾದ ಗಾಳಿ ಬಿಡಿ. ಸ್ಟಾರ್ಟ್ ಮಾಡಿ, ಗಾಜು ಸ್ವಲ್ಪ ಇಳಿಸಿಕೊಂಡೇ ಹೊರಗಿನ ಗಾಳಿಯಲ್ಲಿ ಎಸಿ ಓಡಿಸಿ, ಕಾರನ್ನು ಅವರಿರುವ ಕಡೆಗೆ ತನ್ನಿ. ಆ ಸ್ವಲ್ಪ ಓಟದಲ್ಲೇ ಎಸಿ ಚೆನ್ನಾಗಿ ಎಳೆಯಲು ಶುರು ಮಾಡುತ್ತದೆ. ಆಮೇಲೆ ಗಾಜು ಮುಚ್ಚಿ ಒಳಗಿನ ಗಾಳಿಗೆ ಬದಲಿಸಿ. ನಿಂತಾಗ ಮುಂದಿನ ಗಾಜಿಗೆ ಬೆಳ್ಳಿ ಬಣ್ಣದ ಸನ್‌ಶೇಡ್ ಇಡಿ. ಡ್ಯಾಶ್‌ಬೋರ್ಡ್, ಸ್ಟೀರಿಂಗ್ ಕಾಯುವುದು ಕಡಿಮೆಯಾಗುತ್ತದೆ.

ಸಣ್ಣಕಾರು:
ಸರಿ, ರಿಮೋಟ್ ಸ್ಟಾರ್ಟರ್ ಕೈಬಿಟ್ಟೆ. ಸನ್‌ಶೇಡ್ ತರುತ್ತೇನೆ, ಅಪ್ಪನನ್ನು ಕೂರಿಸಿ ನಾನೇ ಮುಂದೆ ಹೋಗಿ ಕಾರು ತರುತ್ತೇನೆ. ಹ್ಯಾಂಡ್‌ಬ್ರೇಕ್ ಕೇಬಲ್ ಹಿಗ್ಗುವ ಮಾತು ಬಂತಲ್ಲ, ನಮ್ಮದು ಈಗ ತುಂಬಾ ಮೇಲಕ್ಕೆ ಎಳೆದ ಮೇಲೇ ಹಿಡಿಯುತ್ತದೆ. ಈ ವಾರ ಅದನ್ನು ಬಿಗಿ ಮಾಡಿಸುತ್ತೇನೆ. ಮೇಸ್ತ್ರಿಗಳೇ, ಬಿಗಿ ಮಾಡಿದರೆ ಸಾಕಾ, ಕೇಬಲ್ಲೇ ಬದಲಿಸಬೇಕಾ?

ವೈರಿಂಗ್ ಮೇಸ್ತ್ರಿ:
ಮೊದಲು ಹಿಂದಿನ ಡ್ರಮ್ ಬಿಚ್ಚಿಸಿ ಲೈನರ್ ನೋಡಿಸಿ. ಲೈನರ್ ಸವೆದಿದ್ದರೆ ಕೇಬಲ್ ಬಿಗಿ ಮಾಡಿ ಪ್ರಯೋಜನ ಇಲ್ಲ. ಲೈನರ್ ಸರಿ ಇದ್ದು, ಅಡ್ಜಸ್ಟ್ ಮಾಡುವ ನಟ್ ಕೊನೆಗೆ ಬಂದಿದ್ದರೆ ಕೇಬಲ್ ಬದಲಿಸಿ.